ಫೋನ್ ಹೊರಗೆ, ಎಐ ಒಳಗೆ: ಶಾಲೆಗಳ ಗೊಂದಲದ ಹಿಂದಿರುವ ಲೆಕ್ಕ

2025ರ ಆಗಸ್ಟ್‌ನಲ್ಲಿ ದಕ್ಷಿಣ ಕೊರಿಯಾದ ಸಂಸತ್ತು ಶಾಲಾ ಮಕ್ಕಳಿಗೆ ಸಂಬಂಧಿಸಿದ ಎರಡು ತೀರ್ಮಾನಗಳನ್ನು ಕೈಗೊಂಡಿತು. ಅದೇ ವರ್ಷದ ಮಾರ್ಚ್‌ನಲ್ಲಿ ತರಗತಿಗಳಿಗೆ ಬಂದಿದ್ದ, ಕೃತಕ ಬುದ್ಧಿಮತ್ತೆಯನ್ನು ಅಳವಡಿಸಿದ ಡಿಜಿಟಲ್ ಪಠ್ಯಪುಸ್ತಕಗಳಿಗೆ ‘ಪಠ್ಯಪುಸ್ತಕ’ ಎಂಬ ಅಧಿಕೃತ ಸ್ಥಾನವೇ ಇಲ್ಲದಂತೆ ಮಾಡಿ, ಶಾಲೆಗೆ ಬೇಕೆನಿಸಿದರೆ ಬಳಸಬಹುದಾದ ಪೂರಕ ಸಾಮಗ್ರಿಯ ಸಾಲಿಗೆ ಅವುಗಳನ್ನು ಇಳಿಸಿದ್ದು ಮೊದಲನೆಯದು. ತರಗತಿ ನಡೆಯುವ ಹೊತ್ತಿನಲ್ಲಿ ಮೊಬೈಲ್ ಬಳಕೆಯನ್ನು 2026ರ ಮಾರ್ಚ್‌ನಿಂದ ನಿಷೇಧಿಸುವ ಕಾನೂನಿಗೆ ಒಪ್ಪಿಗೆ ನೀಡಿದ್ದು ಎರಡನೆಯದು. ಇದಾದ ಮರುತಿಂಗಳೇ ಎಸ್ಟೋನಿಯಾ ತನ್ನ ಹತ್ತು ಮತ್ತು ಹನ್ನೊಂದನೆಯ ತರಗತಿಗಳ ಸುಮಾರು 20,000 ವಿದ್ಯಾರ್ಥಿಗಳಿಗೆ ಎಐ ಸಾಧನಗಳನ್ನು ಒದಗಿಸುವ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿತು. ಡಿಸೆಂಬರ್ 10ರಂದು ಆಸ್ಟ್ರೇಲಿಯಾದಲ್ಲಿ, 16 ವರ್ಷ ತುಂಬದವರು ಸಾಮಾಜಿಕ ಜಾಲತಾಣಗಳಲ್ಲಿ ಖಾತೆ ಹೊಂದುವುದನ್ನು ತಡೆಯುವ ಕಾನೂನು ಜಾರಿಗೆ ಬಂತು.

ಒಂದೆಡೆ ಬಾಗಿಲು ಹಾಕುವ, ಇನ್ನೊಂದೆಡೆ ಬಾಗಿಲು ತೆರೆಯುವ ಈ ಸುದ್ದಿಗಳನ್ನು ಒಟ್ಟಿಗೆ ಓದುವ ಪೋಷಕರಿಗೂ ಶಿಕ್ಷಕರಿಗೂ ಗೊಂದಲವಾಗುವುದು ಸಹಜ. ತಂತ್ರಜ್ಞಾನ ಮಕ್ಕಳ ಕಲಿಕೆಗೆ ಒಳ್ಳೆಯದು ಎಂದಾದರೆ ಈ ನಿಷೇಧಗಳೇಕೆ? ಕೆಟ್ಟದ್ದು ಎಂದಾದರೆ ಸರ್ಕಾರವೇ ಅದನ್ನು ಮಕ್ಕಳ ಕೈಗೆ ಕೊಡುವುದೇಕೆ? ಲಾಭವನ್ನು ಒಂದು ತಟ್ಟೆಯಲ್ಲೂ ಹಾನಿಯನ್ನು ಇನ್ನೊಂದು ತಟ್ಟೆಯಲ್ಲೂ ಇಟ್ಟು ತೂಗಿದರೆ ಉತ್ತರ ಸಿಕ್ಕೀತು ಎಂದು ನಾವು ಭಾವಿಸುತ್ತೇವೆ. ಆದರೆ ಲಾಭ ಬರುವ ದಾರಿ ಬೇರೆ, ಹಾನಿ ಬರುವ ದಾರಿ ಬೇರೆ, ಅವೆರಡನ್ನೂ ಅನುಭವಿಸುವ ಮಕ್ಕಳೂ ಹಲವು ಸಲ ಬೇರೆ ಬೇರೆಯಾಗಿರುತ್ತಾರೆ. ತಕ್ಕಡಿ ಕೈಕೊಡುವುದು ಇಲ್ಲಿಯೇ.

ಉತ್ಸಾಹದಿಂದ ಅನುಮಾನದವರೆಗೆ

ಈ ಶತಮಾನದ ಮೊದಲ ದಶಕದಲ್ಲಿ ಪ್ರಬಲವಾಗಿದ್ದ ನಂಬಿಕೆ ಸರಳವಾಗಿತ್ತು: ಮಗುವಿಗೊಂದು ಕಂಪ್ಯೂಟರ್ ಕೊಟ್ಟರೆ ಕಲಿಕೆ ತಾನಾಗಿ ಹಿಂಬಾಲಿಸುತ್ತದೆ. ಪೆರು ದೇಶ ಈ ನಂಬಿಕೆಯಿಂದಲೇ ಲಕ್ಷಾಂತರ ಲ್ಯಾಪ್‌ಟಾಪ್‌ಗಳನ್ನು ಹಂಚಿತು. ಅಲ್ಲಿನ 319 ಗ್ರಾಮೀಣ ಪ್ರಾಥಮಿಕ ಶಾಲೆಗಳನ್ನು ಒಳಗೊಂಡು ನಡೆದ, 2012ರಲ್ಲಿ ಪ್ರಕಟವಾದ ಅಧ್ಯಯನವು ಲ್ಯಾಪ್‌ಟಾಪ್ ಪಡೆದ ಶಾಲೆಗಳನ್ನೂ ಪಡೆಯದ ಶಾಲೆಗಳನ್ನೂ ಹೋಲಿಸಿ ನೋಡಿದಾಗ, ಗಣಿತ ಮತ್ತು ಭಾಷೆಯ ಪರೀಕ್ಷೆಗಳಲ್ಲಿ ಯಾವ ವ್ಯತ್ಯಾಸವೂ ಕಾಣಲಿಲ್ಲ. ಯಂತ್ರ ತರಗತಿಗೆ ಬಂದಿತ್ತು. ಪಾಠ ಹೇಳುವ ಕ್ರಮ ಹಾಗೆಯೇ ಉಳಿದಿತ್ತು.

2020ರ ಕೊರೊನಾ ಕಾಲದಲ್ಲಿ ಶಾಲೆಗಳು ಮುಚ್ಚಿದಾಗ ಪರದೆಯೇ ತರಗತಿಯಾಯಿತು. ಆ ವರ್ಷ ಯುನಿಸೆಫ್ ಮತ್ತು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಹೊರಡಿಸಿದ ವರದಿಯ ಪ್ರಕಾರ, 3ರಿಂದ 17 ವರ್ಷದೊಳಗಿನ ಮಕ್ಕಳಲ್ಲಿ ಮೂರನೆಯ ಎರಡು ಭಾಗದಷ್ಟು, ಎಂದರೆ ಸುಮಾರು 130 ಕೋಟಿ ಮಕ್ಕಳ ಮನೆಯಲ್ಲಿ ಇಂಟರ್‌ನೆಟ್ ಸಂಪರ್ಕವಿರಲಿಲ್ಲ. ಸಂಪರ್ಕವಿದ್ದ ಮಕ್ಕಳ ಕಲಿಕೆ ಅಷ್ಟಿಷ್ಟಾದರೂ ಮುಂದುವರಿಯಿತು, ಇಲ್ಲದವರದು ನಿಂತಿತು. ಶಾಲೆಗಳು ಮತ್ತೆ ತೆರೆದ ಮೇಲೆ ಉಳಿದುಕೊಂಡದ್ದು ಮಾತ್ರ ಪಾಠಕ್ಕೆಂದು ಕೊಡಿಸಿದ ಫೋನು ಮತ್ತು ಅದರ ಜೊತೆಯಲ್ಲಿ ಬೆಳೆದ ಅಭ್ಯಾಸ.

ಅನುಮಾನಗಳು ಅಧಿಕೃತ ರೂಪ ಪಡೆದದ್ದು 2023ರಲ್ಲಿ. ಶಾಲೆಗಳ ಡಿಜಿಟಲೀಕರಣದಲ್ಲಿ ಮುಂಚೂಣಿಯಲ್ಲಿದ್ದ ಸ್ವೀಡನ್, ಮುದ್ರಿತ ಪುಸ್ತಕಗಳ ಖರೀದಿಗೆ ಆ ವರ್ಷ 68.5 ಕೋಟಿ ಕ್ರೋನರ್ ತೆಗೆದಿಟ್ಟಿತು. ನಾಲ್ಕನೆಯ ತರಗತಿಯ ಮಕ್ಕಳ ಓದನ್ನು ಅಳೆಯುವ ಪಿರ್ಲ್ಸ್ ಸಮೀಕ್ಷೆಯಲ್ಲಿ ಅದರ ಅಂಕ 2016ರ 555ರಿಂದ 2021ರಲ್ಲಿ 544ಕ್ಕೆ ಕುಸಿದದ್ದು ಈ ನಿರ್ಧಾರಕ್ಕೆ ಒಂದು ಕಾರಣ. ಈ ಕುಸಿತಕ್ಕೆ ಟ್ಯಾಬ್‌ಗಳನ್ನಷ್ಟೇ ಹೊಣೆ ಮಾಡಲಾಗದು, ಏಕೆಂದರೆ ಎರಡು ಸಮೀಕ್ಷೆಗಳ ನಡುವೆ ಕೊರೊನಾ ಕೂಡ ಇತ್ತು. ಅದೇ ವರ್ಷ ಯುನೆಸ್ಕೊ ತನ್ನ ಜಾಗತಿಕ ಶಿಕ್ಷಣ ವರದಿಯನ್ನು ಪೂರ್ತಿಯಾಗಿ ತಂತ್ರಜ್ಞಾನಕ್ಕೆ ಮೀಸಲಿಟ್ಟು, ಕಲಿಕೆಗೆ ನೆರವಾಗುವಲ್ಲಿ ಮಾತ್ರ ಅದನ್ನು ಬಳಸಬೇಕೆಂದಿತು. ಆಗ ಶಾಲೆಗಳಲ್ಲಿ ಸ್ಮಾರ್ಟ್‌ಫೋನ್ ನಿಷೇಧಿಸಿದ್ದ ದೇಶಗಳು ನಾಲ್ಕರಲ್ಲಿ ಒಂದಕ್ಕಿಂತ ಕಡಿಮೆ. 2024ರ ಅಂತ್ಯದ ವೇಳೆಗೆ ಆ ಪಟ್ಟಿ 79 ಶಿಕ್ಷಣ ವ್ಯವಸ್ಥೆಗಳಿಗೆ, ಎಂದರೆ ಶೇ 40ಕ್ಕೆ ಏರಿತು.

ಒಂದೇ ಹೆಸರಿನ ಹಲವು ವಸ್ತುಗಳು

‘ತಂತ್ರಜ್ಞಾನ’ ಎಂಬ ಹೆಸರಿನಡಿ ಕನಿಷ್ಠ ನಾಲ್ಕು ವಸ್ತುಗಳು ಒಟ್ಟಿಗೆ ಸೇರಿಕೊಂಡಿವೆ. ಮಗುವಿನ ಜೇಬಿನಲ್ಲಿರುವ ಸ್ವಂತ ಫೋನು. ಆ ಫೋನಿನ ಒಳಗಿರುವ, ನೋಡುವವರನ್ನು ಹೆಚ್ಚು ಹೊತ್ತು ಹಿಡಿದಿಟ್ಟಷ್ಟೂ ಆದಾಯ ಗಳಿಸುವ ಜಾಲತಾಣಗಳು. ಶಾಲೆಯೇ ಕೊಡುವ ಮತ್ತು ಶಿಕ್ಷಕರ ಕಣ್ಣಳತೆಯಲ್ಲಿ ಬಳಕೆಯಾಗುವ ಟ್ಯಾಬ್ ಅಥವಾ ಕಲಿಕಾ ಆ್ಯಪ್. ಕೊನೆಯದಾಗಿ, ಕೇಳಿದ ಪ್ರಶ್ನೆಗೆ ಸಿದ್ಧ ಉತ್ತರ ಬರೆದುಕೊಡುವ ಎಐ ಚಾಟ್‌ಬಾಟ್. ಈ ನಾಲ್ಕರ ಉದ್ದೇಶ, ಒಡೆತನ, ಹಣಕಾಸಿನ ಮೂಲ ಯಾವುದೂ ಒಂದೇ ಅಲ್ಲ. ಆಸ್ಟ್ರೇಲಿಯಾದ ಕಾನೂನು ಎರಡನೆಯದಕ್ಕೆ ಸಂಬಂಧಿಸಿದ್ದು, ಎಸ್ಟೋನಿಯಾದ ಕಾರ್ಯಕ್ರಮ ನಾಲ್ಕನೆಯದಕ್ಕೆ. ಕೊರಿಯಾ ಒಂದೇ ತಿಂಗಳಲ್ಲಿ ಮೊದಲನೆಯದನ್ನೂ ಮೂರನೆಯದನ್ನೂ ಮುಟ್ಟಿತು. ಹೀಗೆ ಬಿಡಿಸಿಟ್ಟು ನೋಡಿದರೆ, ಪರಸ್ಪರ ವಿರುದ್ಧವೆಂದು ತೋರುವ ತೀರ್ಮಾನಗಳು ಬಹುಪಾಲು ಬೇರೆ ಬೇರೆ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳು.

ಲಾಭ ಬರುವ ದಾರಿ

ತಂತ್ರಜ್ಞಾನದಿಂದ ಕಲಿಕೆಗೆ ನಿಜವಾಗಿ ಲಾಭವಾದ ಉದಾಹರಣೆಗಳನ್ನು ಗಮನಿಸಿದರೆ ಅವುಗಳಲ್ಲಿ ಒಂದು ಸಾಮ್ಯ ಎದ್ದು ಕಾಣುತ್ತದೆ. ಮಗು ತಾನೇ ಪ್ರಯತ್ನಿಸುತ್ತದೆ, ಎಲ್ಲಿ ತಪ್ಪಿತು ಎಂಬುದನ್ನು ಯಂತ್ರ ತಕ್ಷಣ ತೋರಿಸುತ್ತದೆ, ಮುಂದಿನ ಪ್ರಶ್ನೆ ಆ ಮಗುವಿನ ಮಟ್ಟಕ್ಕೆ ತಕ್ಕಂತೆ ಬರುತ್ತದೆ. ನಲವತ್ತು ಮಕ್ಕಳ ತರಗತಿಯಲ್ಲಿ ಒಬ್ಬ ಶಿಕ್ಷಕರು, ಎಷ್ಟೇ ಸಮರ್ಥರಾದರೂ, ಪ್ರತಿ ಮಗುವಿಗೂ ಹೀಗೆ ಮಾಡಲಾರರು.

ದೆಹಲಿಯಲ್ಲಿ ಶಾಲೆಯ ನಂತರ ನಡೆಯುತ್ತಿದ್ದ ಕಲಿಕಾ ಕೇಂದ್ರಗಳ ಕುರಿತು 2019ರಲ್ಲಿ ಪ್ರಕಟವಾದ ಅಧ್ಯಯನ ಇದಕ್ಕೆ ಒಳ್ಳೆಯ ನಿದರ್ಶನ. ಅಲ್ಲಿಗೆ ಬರುತ್ತಿದ್ದ ಮಾಧ್ಯಮಿಕ ಹಂತದ ಮಕ್ಕಳಲ್ಲಿ ಹೆಚ್ಚಿನವರು ತಮ್ಮ ತರಗತಿಯ ಮಟ್ಟಕ್ಕಿಂತ ಹಲವು ವರ್ಷ ಹಿಂದಿದ್ದರು. ಅವರಿಗೆ ತರಗತಿಯಲ್ಲಿ ನಡೆಯುವ ಪಾಠ ಮೊದಲ ವಾಕ್ಯದಿಂದಲೇ ಅರ್ಥವಾಗುತ್ತಿರಲಿಲ್ಲ. ಕೇಂದ್ರದಲ್ಲಿದ್ದ ತಂತ್ರಾಂಶ ಪ್ರತಿ ಮಗುವನ್ನೂ ಅದು ನಿಂತಲ್ಲಿಂದಲೇ ಕಲಿಸಲು ಆರಂಭಿಸಿತು, ಜೊತೆಗೆ ಸಣ್ಣ ಗುಂಪುಗಳಲ್ಲಿ ಶಿಕ್ಷಕರ ಪಾಠವೂ ಇತ್ತು. ನಾಲ್ಕೂವರೆ ತಿಂಗಳಲ್ಲಿ ಗಣಿತದಲ್ಲೂ ಹಿಂದಿಯಲ್ಲೂ ಗಮನಾರ್ಹ ಪ್ರಗತಿ ಕಂಡುಬಂತು. ಪೆರುವಿನಲ್ಲಿ ಕೊಟ್ಟದ್ದೂ ಕಂಪ್ಯೂಟರ್, ದೆಹಲಿಯಲ್ಲಿ ಇದ್ದದ್ದೂ ಕಂಪ್ಯೂಟರ್. ವ್ಯತ್ಯಾಸವಿದ್ದದ್ದು ಮಗು ಅದರೆದುರು ಕುಳಿತು ಏನು ಮಾಡುತ್ತಿತ್ತು ಎಂಬುದರಲ್ಲಿ.

ಎಐ ವಿಷಯದಲ್ಲಿ ಇದೇ ಗೆರೆ ಇನ್ನಷ್ಟು ಸ್ಪಷ್ಟವಾಗುತ್ತದೆ. ಟರ್ಕಿಯ ಪ್ರೌಢಶಾಲೆಯೊಂದರಲ್ಲಿ ಸುಮಾರು ಸಾವಿರ ವಿದ್ಯಾರ್ಥಿಗಳ ಮೇಲೆ ನಡೆದ, 2025ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಗಣಿತದ ಅಭ್ಯಾಸದ ಹೊತ್ತಿಗೆ ಒಂದು ಗುಂಪಿಗೆ ಸಾಮಾನ್ಯ ಚಾಟ್‌ಬಾಟ್ ಕೊಡಲಾಯಿತು. ಇನ್ನೊಂದು ಗುಂಪಿಗೆ ಸಿಕ್ಕ ಚಾಟ್‌ಬಾಟ್, ಉತ್ತರವನ್ನು ನೇರವಾಗಿ ಹೇಳದೆ ಸುಳಿವುಗಳನ್ನಷ್ಟೇ ಕೊಡುವಂತೆ ರೂಪಿಸಿದ್ದು. ಮೂರನೆಯ ಗುಂಪಿಗೆ ಪುಸ್ತಕ ಮತ್ತು ಟಿಪ್ಪಣಿ ಮಾತ್ರ. ಅಭ್ಯಾಸದ ಹೊತ್ತಿನಲ್ಲಿ ಮೊದಲ ಗುಂಪಿನ ಸಾಧನೆ ಶೇ 48ರಷ್ಟು, ಎರಡನೆಯದರ ಸಾಧನೆ ಶೇ 127ರಷ್ಟು ಹೆಚ್ಚಿತ್ತು. ಆದರೆ ನೆರವನ್ನೆಲ್ಲ ತೆಗೆದು ಪರೀಕ್ಷೆ ಕೊಟ್ಟಾಗ, ಸಾಮಾನ್ಯ ಚಾಟ್‌ಬಾಟ್ ಬಳಸಿದವರು ಅದನ್ನು ಮುಟ್ಟದವರಿಗಿಂತ ಶೇ 17ರಷ್ಟು ಕಡಿಮೆ ಅಂಕ ಪಡೆದರು. ಸುಳಿವಿನ ಚಾಟ್‌ಬಾಟ್ ಬಳಸಿದವರಲ್ಲಿ ಈ ಹಾನಿ ಬಹುಮಟ್ಟಿಗೆ ಇಲ್ಲವಾಗಿತ್ತು.

ಇಲ್ಲಿನ ಕಾರಣ ಮತ್ತು ಪರಿಣಾಮದ ಸರಪಳಿಯನ್ನು ಗಮನಿಸಬೇಕು. ಒಂದು ಲೆಕ್ಕದ ಮುಂದೆ ಕುಳಿತು ತಡವರಿಸುವುದು, ಒಂದು ದಾರಿ ಹಿಡಿದು ಸೋತು ಇನ್ನೊಂದನ್ನು ಹುಡುಕುವುದು ಕಲಿಕೆಗೆ ಅಡ್ಡಿಯಲ್ಲ, ಕಲಿಕೆ ನಡೆಯುವುದೇ ಆ ಹೊತ್ತಿನಲ್ಲಿ. ಆ ತಡವರಿಕೆಯನ್ನು ಯಂತ್ರ ತಾನೇ ವಹಿಸಿಕೊಂಡರೆ ಪುಟದ ಮೇಲೆ ಉತ್ತರ ಸರಿಯಾಗಿರುತ್ತದೆ, ಮಗುವಿನಲ್ಲಿ ಏನೂ ಉಳಿದಿರುವುದಿಲ್ಲ. ಇನ್ನೂ ತೊಡಕಿನ ಸಂಗತಿಯೆಂದರೆ, ಸರಿಯುತ್ತರ ಕಂಡ ಮಗುವಿಗೆ ತಾನು ಕಲಿತಿದ್ದೇನೆ ಎಂಬ ಭಾವನೆ ಮೂಡಿರುತ್ತದೆ. ಹೀಗಾಗಿ ನಷ್ಟ ಪರೀಕ್ಷೆಯ ದಿನದವರೆಗೂ ಮಗುವಿಗೂ ತಿಳಿಯದು, ಪೋಷಕರಿಗೂ ತಿಳಿಯದು.

ಯಾವ ತೂಗಾಟಕ್ಕೂ ಸಿಗದ ಲಾಭವೊಂದಿದೆ. ದೃಷ್ಟಿದೋಷವುಳ್ಳ ಮಗುವಿಗೆ ಪಠ್ಯವನ್ನು ಓದಿ ಹೇಳುವ ತಂತ್ರಾಂಶ, ಕಿವಿ ಕೇಳದ ಮಗುವಿಗೆ ಮಾತನ್ನು ಅಕ್ಷರವಾಗಿಸುವ ಸಾಧನ, ಬರೆಯಲು ಕೈ ಒಗ್ಗದ ಮಗುವಿಗೆ ಕೀಲಿಮಣೆ, ಇವು ತರಗತಿಗೆ ಪ್ರವೇಶದ ಬಾಗಿಲೇ ಆಗಿವೆ. ನಿಷೇಧದ ಆದೇಶಗಳನ್ನು ಬರೆಯುವವರು ಈ ಮಕ್ಕಳಿಗೆ ವಿನಾಯಿತಿಯನ್ನು ಕೊನೆಯ ಸಾಲಿನ ಅಡಿಟಿಪ್ಪಣಿಯಂತೆ ಸೇರಿಸುವ ಬದಲು ಮೊದಲೇ ಯೋಚಿಸಿ ಬರೆಯುವುದು ಒಳಿತು.

ಗಮನ ಚದುರುವ ಬಗೆ

ಹಾನಿಗಳಲ್ಲಿ ಹೆಚ್ಚು ಖಚಿತವಾಗಿ ಗೊತ್ತಿರುವುದು ಗಮನಕ್ಕೆ ಸಂಬಂಧಿಸಿದ್ದು. 81 ದೇಶ ಮತ್ತು ಪ್ರದೇಶಗಳ 15 ವರ್ಷದ ಮಕ್ಕಳನ್ನು ಒಳಗೊಂಡ 2022ರ ಪೀಸಾ ಎಂಬ ಕಲಿಕಾ ಸಮೀಕ್ಷೆಯಲ್ಲಿ, ಬಹುಪಾಲು ಶ್ರೀಮಂತ ರಾಷ್ಟ್ರಗಳ ಕೂಟವಾದ ಒಇಸಿಡಿಯ ದೇಶಗಳ ಸರಾಸರಿ ಶೇ 65ರಷ್ಟು ವಿದ್ಯಾರ್ಥಿಗಳು ಗಣಿತದ ಕೆಲವು ತರಗತಿಗಳಲ್ಲಾದರೂ ಡಿಜಿಟಲ್ ಸಾಧನಗಳಿಂದ ತಮ್ಮ ಗಮನ ಚದುರುತ್ತದೆ ಎಂದರು. ಶೇ 59ರಷ್ಟು ಮಕ್ಕಳು ಪಕ್ಕದವರ ಸಾಧನಗಳಿಂದ ತಮಗೆ ಅಡ್ಡಿಯಾಗುತ್ತದೆ ಎಂದರು. ಈ ಎರಡನೆಯ ಸಂಖ್ಯೆ ಹೆಚ್ಚು ಮುಖ್ಯ. ಕೆನಡಾದಲ್ಲಿ ನಡೆದು 2013ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಪಾಠದ ನಡುವೆ ಲ್ಯಾಪ್‌ಟಾಪ್‌ನಲ್ಲಿ ಬೇರೆ ಕೆಲಸ ಮಾಡಿದವರ ಅಂಕ ಇಳಿಯಿತು. ತಾವು ಏನೂ ಮಾಡದೆ ಆ ಪರದೆಗಳು ಕಾಣುವ ಜಾಗದಲ್ಲಿ ಕುಳಿತಿದ್ದವರ ಅಂಕವೂ ಶೇ 17ರಷ್ಟು ಇಳಿಯಿತು. ‘ನನ್ನ ಮಗು ಜವಾಬ್ದಾರಿಯಿಂದ ಬಳಸುತ್ತದೆ, ಅದಕ್ಕೇಕೆ ನಿಷೇಧ’ ಎಂಬ ಪ್ರಶ್ನೆಗೆ ಶಾಲೆಗಳು ಕೊಡಬಹುದಾದ ಬಲವಾದ ಉತ್ತರ ಇದೇ.

ಹಾಗಾದರೆ ಫೋನ್ ನಿಷೇಧಿಸಿದರೆ ಅಂಕ ಏರುತ್ತದೆಯೇ? ಇಂಗ್ಲೆಂಡಿನ ನಾಲ್ಕು ನಗರಗಳ 91 ಶಾಲೆಗಳನ್ನು ನೋಡಿದ ಅಧ್ಯಯನವೊಂದು ಏರುತ್ತದೆ ಎಂದಿತು, ಅದರಲ್ಲೂ ಕಲಿಕೆಯಲ್ಲಿ ಹಿಂದುಳಿದ ಮಕ್ಕಳಿಗೆ ಹೆಚ್ಚು ಲಾಭವಾಯಿತು, ಮುಂದಿದ್ದವರಿಗೆ ಏನೂ ಆಗಲಿಲ್ಲ. ಅದೇ ಬಗೆಯ ಅಧ್ಯಯನವನ್ನು ಸ್ವೀಡನ್‌ನಲ್ಲಿ ಮಾಡಿದಾಗ ಯಾವ ಪರಿಣಾಮವೂ ಕಾಣಲಿಲ್ಲ. ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಸಂಶೋಧಕರು 30 ಶಾಲೆಗಳನ್ನು ಹೋಲಿಸಿ 2025ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೊಂದು ಮುಖವನ್ನು ತೋರಿಸಿತು. ಕಟ್ಟುನಿಟ್ಟಿನ ನಿಯಮವಿದ್ದ ಶಾಲೆಗಳಲ್ಲಿ ಶಾಲೆಯ ಹೊತ್ತಿನ ಫೋನ್ ಬಳಕೆ ಸುಮಾರು 40 ನಿಮಿಷ ಕಡಿಮೆಯಿತ್ತು, ಆದರೆ ದಿನದ ಒಟ್ಟು ಬಳಕೆಯಲ್ಲಾಗಲಿ ಮಕ್ಕಳ ಮಾನಸಿಕ ಸ್ಥಿತಿಯಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ. ಹಾಗಿದ್ದರೂ, ಯಾವ ಶಾಲೆಯವರೇ ಆಗಲಿ, ಹೆಚ್ಚು ಹೊತ್ತು ಫೋನ್ ಬಳಸುತ್ತಿದ್ದ ಮಕ್ಕಳ ಸ್ಥಿತಿ ಉಳಿದವರಿಗಿಂತ ಕೆಳಗಿತ್ತು.

ಈ ಮೂರನ್ನೂ ಜೋಡಿಸಿದರೆ ಸಿಗುವ ಚಿತ್ರ ಇಷ್ಟು: ಶಾಲೆಯ ನಿಷೇಧ ತರಗತಿಯ ಗಮನವನ್ನು ಉಳಿಸಬಲ್ಲದು, ಆದರೆ ಶಾಲೆಯ ಹೊರಗೆ ಹುಟ್ಟುವ ಸಮಸ್ಯೆಗೆ ಅದು ಮದ್ದಾಗಲಾರದು. ನಿಷೇಧದಿಂದ ಖಿನ್ನತೆ ಇಳಿದೀತು, ನಿದ್ದೆ ಸುಧಾರಿಸೀತು ಎಂದು ನಿರೀಕ್ಷಿಸುವವರು ನಿರಾಶರಾಗಬಹುದು. ಆ ನಿರಾಶೆಯಿಂದ ನಿಷೇಧವೇ ವ್ಯರ್ಥ ಎಂಬ ತೀರ್ಮಾನಕ್ಕೆ ಬರುವುದೂ ಅಷ್ಟೇ ತಪ್ಪಾದೀತು.

ಗಂಟೆಗಳನ್ನು ಎಣಿಸಿದರೆ ಸಾಲದು

ಪೋಷಕರು ಹೆಚ್ಚಾಗಿ ಕೇಳುವ ಪ್ರಶ್ನೆ, ದಿನಕ್ಕೆ ಎಷ್ಟು ಗಂಟೆ ಎಂಬುದು. ಐದು ವರ್ಷದೊಳಗಿನ ಮಕ್ಕಳಿಗೆ ಇದಕ್ಕೆ ಉತ್ತರವಿದೆ: ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿ ಒಂದು ವರ್ಷದೊಳಗಿನ ಶಿಶುಗಳಿಗೆ ಪರದೆಯೇ ಬೇಡವೆಂದೂ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದೆಂದೂ ಹೇಳುತ್ತದೆ. ಶಾಲೆಗೆ ಹೋಗುವ ವಯಸ್ಸಿನವರ ಮಟ್ಟಿಗೆ ಒಂದೇ ಸಂಖ್ಯೆಯನ್ನು ಹೇಳುವುದು ಕಷ್ಟ. ಪೀಸಾ ಅಂಕಿಅಂಶಗಳಲ್ಲಿ, ಶಾಲೆಯಲ್ಲಿ ಕಲಿಕೆಗಾಗಿ ದಿನಕ್ಕೆ ಒಂದು ಗಂಟೆಯವರೆಗೆ ಸಾಧನಗಳನ್ನು ಬಳಸಿದವರು, ಮನೆಯ ಆರ್ಥಿಕ ಸ್ಥಿತಿಯ ವ್ಯತ್ಯಾಸವನ್ನು ಕಳೆದ ಮೇಲೂ, ಏನೂ ಬಳಸದವರಿಗಿಂತ ಗಣಿತದಲ್ಲಿ 14 ಅಂಕ ಮುಂದಿದ್ದರು. ಅದೇ ಒಂದು ಗಂಟೆ ತಡರಾತ್ರಿ ಹಾಸಿಗೆಯಲ್ಲಿ ಕಿರು ವಿಡಿಯೊಗಳಿಗೆ ಹೋದರೆ ಮರುದಿನದ ಮೊದಲ ಪಾಠವೇ ಕೈತಪ್ಪುತ್ತದೆ. ಗಡಿಯಾರಕ್ಕೆ ಎರಡೂ ಅರವತ್ತು ನಿಮಿಷ.

ಆದ್ದರಿಂದ ಆ ಹೊತ್ತು ಯಾವುದರ ಜಾಗವನ್ನು ಆಕ್ರಮಿಸಿತು ಎಂದು ಕೇಳುವುದು ಹೆಚ್ಚು ಪ್ರಯೋಜನಕಾರಿ. ಕಣ್ಣಿನ ಉದಾಹರಣೆಯನ್ನೇ ನೋಡಬಹುದು. ಮಕ್ಕಳಲ್ಲಿ ಸಮೀಪದೃಷ್ಟಿ ಹೆಚ್ಚುತ್ತಿರುವುದಕ್ಕೆ ಪರದೆಯನ್ನು ದೂರುವುದು ರೂಢಿಯಾಗಿದೆ. ಚೀನಾದ ಗುವಾಂಗ್‌ಝೌ ನಗರದ 12 ಪ್ರಾಥಮಿಕ ಶಾಲೆಗಳಲ್ಲಿ ನಡೆದು 2015ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಅರ್ಧದಷ್ಟು ಶಾಲೆಗಳ ಮಕ್ಕಳನ್ನು ಪ್ರತಿ ಶಾಲಾ ದಿನ 40 ನಿಮಿಷ ಹೆಚ್ಚುವರಿಯಾಗಿ ಹೊರಾಂಗಣದಲ್ಲಿ ಇರಿಸಲಾಯಿತು. ಮೂರು ವರ್ಷಗಳಲ್ಲಿ ಉಳಿದ ಶಾಲೆಗಳ ಶೇ 39.5ರಷ್ಟು ಮಕ್ಕಳಿಗೆ ಹೊಸದಾಗಿ ಸಮೀಪದೃಷ್ಟಿ ಬಂದರೆ, ಹೊರಗೆ ಹೋದವರಲ್ಲಿ ಆ ಪ್ರಮಾಣ ಶೇ 30.4 ಇತ್ತು. ಬಿಸಿಲ ಬೆಳಕಿನ ಹೊತ್ತನ್ನು ಕಸಿದುಕೊಂಡದ್ದು ಪರದೆಯೇ ಆಗಿರಲಿ, ಮನೆಪಾಠವೇ ಆಗಿರಲಿ, ಕಣ್ಣಿಗೆ ಆಗುವ ನಷ್ಟ ಒಂದೇ.

ಓದಿನ ವಿಷಯದಲ್ಲೂ ಹೀಗೆಯೇ. 54 ಅಧ್ಯಯನಗಳನ್ನು ಒಟ್ಟುಗೂಡಿಸಿದ 2018ರ ವಿಶ್ಲೇಷಣೆಯೊಂದರ ಪ್ರಕಾರ, ಮಾಹಿತಿಪ್ರಧಾನ ಬರಹವನ್ನು, ಅದರಲ್ಲೂ ಸಮಯದ ಒತ್ತಡದಲ್ಲಿ, ಕಾಗದದ ಮೇಲೆ ಓದಿದವರು ಪರದೆಯಲ್ಲಿ ಓದಿದವರಿಗಿಂತ ಹೆಚ್ಚು ಗ್ರಹಿಸುತ್ತಾರೆ. ಕಥೆಗಳ ಓದಿನಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಪರದೆಯನ್ನು ಕಂಡೊಡನೆ ಮೇಲಿಂದ ಮೇಲೆ ಕಣ್ಣಾಡಿಸುವ ಅಭ್ಯಾಸ ನಮಗೆ ಆಗಿಹೋಗಿದೆ ಎಂಬುದು ಇದಕ್ಕೆ ಸಂಶೋಧಕರು ಕೊಡುವ ಒಂದು ವಿವರಣೆ.

ವಯಸ್ಸಿನ ಗೆರೆಯ ವಾದವಿವಾದ

ಆಸ್ಟ್ರೇಲಿಯಾದ ಕಾನೂನನ್ನು ಬೆಂಬಲಿಸುವವರ ಮುಖ್ಯ ವಾದ ಸಾಮೂಹಿಕ ಒತ್ತಡದ್ದು. ತರಗತಿಯ ಎಲ್ಲರೂ ಒಂದು ಜಾಲತಾಣದಲ್ಲಿದ್ದಾಗ ಒಬ್ಬ ಮಗುವನ್ನು ಮಾತ್ರ ಹೊರಗಿಡುವುದು ಆ ಮಗುವಿಗೆ ಶಿಕ್ಷೆಯಾಗುತ್ತದೆ, ಹಾಗಾಗಿ ಯಾವ ಮನೆಯೂ ಒಂಟಿಯಾಗಿ ಇದನ್ನು ನಿರ್ಧರಿಸಲಾರದು. ಎಲ್ಲರಿಗೂ ಒಂದೇ ಗೆರೆ ಎಳೆದರೆ ‘ಎಲ್ಲರ ಹತ್ತಿರವೂ ಇದೆ’ ಎಂಬ ಮಾತಿಗೇ ಜಾಗವಿಲ್ಲ. ಅಲ್ಲಿನ ಕಾನೂನು ಮಕ್ಕಳಿಗಾಗಲಿ ಪೋಷಕರಿಗಾಗಲಿ ದಂಡ ಹಾಕುವುದಿಲ್ಲ. ಹೊಣೆ ಕಂಪನಿಗಳದ್ದು, ದಂಡ 4.95 ಕೋಟಿ ಆಸ್ಟ್ರೇಲಿಯನ್ ಡಾಲರ್‌ವರೆಗೆ ಹೋಗಬಹುದು.

ವಿರೋಧಿಸುವವರ ವಾದಗಳೂ ಹಗುರವಲ್ಲ. ಖಾತೆಯಿಲ್ಲದೆಯೂ ಯೂಟ್ಯೂಬ್‌ನಂಥ ತಾಣಗಳನ್ನು ನೋಡಬಹುದು, ಆದರೆ ಖಾತೆಯ ಜೊತೆಗಿದ್ದ ವಯಸ್ಸಿನ ನಿರ್ಬಂಧ ಮತ್ತು ಪೋಷಕರ ನಿಗಾ ಆಗ ಇರುವುದಿಲ್ಲ. ಮಕ್ಕಳನ್ನು ತಡೆಯಲು ವಯಸ್ಸು ಪರಿಶೀಲಿಸಬೇಕು, ಅದಕ್ಕಾಗಿ ದೊಡ್ಡವರೂ ತಮ್ಮ ಮುಖವನ್ನೋ ಗುರುತಿನ ದಾಖಲೆಯನ್ನೋ ತೋರಿಸಬೇಕಾಗಿ ಬರಬಹುದು. ಸುತ್ತಮುತ್ತ ತನ್ನಂಥವರು ಯಾರೂ ಇಲ್ಲದ ಮಗುವಿಗೆ ಜಾಲತಾಣವೇ ಗೆಳೆಯರ ಬಳಗವಾಗಿರುವುದೂ ಉಂಟು. ಇವೆಲ್ಲಕ್ಕೂ ಮೂಲದಲ್ಲಿ ಸಂಶೋಧಕರ ನಡುವಿನ ಭಿನ್ನಮತವಿದೆ. ಹದಿಹರೆಯದವರ ಮಾನಸಿಕ ಸಂಕಟ ಹೆಚ್ಚಿದ್ದಕ್ಕೆ ಜಾಲತಾಣವೇ ಕಾರಣವೆಂದು ಒಂದು ಪಕ್ಷ ಹೇಳಿದರೆ, ಮೂರು ದೊಡ್ಡ ಸಮೀಕ್ಷೆಗಳನ್ನು ಪರಿಶೀಲಿಸಿದ 2019ರ ಅಧ್ಯಯನವೊಂದು ಮಕ್ಕಳ ನೆಮ್ಮದಿಯಲ್ಲಿನ ಏರಿಳಿತದ ಶೇ 0.4ರಷ್ಟನ್ನು ಮಾತ್ರ ಡಿಜಿಟಲ್ ಬಳಕೆಯಿಂದ ವಿವರಿಸಬಹುದು ಎಂದಿತು. ಆದರೆ ಸರಾಸರಿ ಎಂಬುದು ಇಲ್ಲಿ ಸ್ವಲ್ಪ ಮೋಸದ ಅಳತೆ. ನೂರು ಮಕ್ಕಳಲ್ಲಿ ತೊಂಬತ್ತು ಮಂದಿಗೆ ಏನೂ ಆಗದೆ ಹತ್ತು ಮಂದಿಗೆ ಗಂಭೀರ ಹಾನಿಯಾದರೂ ಸರಾಸರಿ ಚಿಕ್ಕದಾಗಿಯೇ ಕಾಣುತ್ತದೆ.

ಮಕ್ಕಳ ಮಾಹಿತಿ ಯಾರದ್ದು

ಈ ಚರ್ಚೆಯಲ್ಲಿ ಕಡಿಮೆ ಮಾತಿಗೆ ಬರುವ ವಿಷಯ ಇದು. ಕೊರೊನಾ ಕಾಲದಲ್ಲಿ 49 ದೇಶಗಳ ಸರ್ಕಾರಗಳು ಶಿಫಾರಸು ಮಾಡಿದ್ದ 160ಕ್ಕೂ ಹೆಚ್ಚು ಕಲಿಕಾ ಆ್ಯಪ್ ಮತ್ತು ತಾಣಗಳನ್ನು ಪರಿಶೀಲಿಸಿದ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ, ಅವುಗಳಲ್ಲಿ ಶೇ 89ರಷ್ಟು ಮಕ್ಕಳ ಮಾಹಿತಿಯನ್ನು ಅವರ ಹಕ್ಕಿಗೆ ಧಕ್ಕೆಯಾಗುವಂತೆ ನಿರ್ವಹಿಸುತ್ತಿದ್ದವು ಎಂದು 2022ರಲ್ಲಿ ವರದಿ ಮಾಡಿತು. ಜಾಲತಾಣ ಬೇಡವೆಂದರೆ ಬಿಡಬಹುದು. ಶಾಲೆ ಕಡ್ಡಾಯ ಮಾಡಿದ ಆ್ಯಪನ್ನು ಮಗು ಬಿಡಲಾಗದು.

ಮುಂದೆ ಏನಾಗಬಹುದು

ತರಗತಿಯಲ್ಲಿ ಫೋನ್ ನಿಷೇಧ ಇನ್ನಷ್ಟು ದೇಶಗಳಿಗೆ ಹರಡುವ ಸಾಧ್ಯತೆ ಹೆಚ್ಚು, ಏಕೆಂದರೆ ಅದು ಅಗ್ಗ, ಜಾರಿ ಮಾಡಲು ಸುಲಭ, ವಿರೋಧವೂ ಕಡಿಮೆ. ಅದರ ಯಶಸ್ಸು ನಿಯಮದ ವಿವರಗಳ ಮೇಲೆ ನಿಲ್ಲುತ್ತದೆ. ಫೋನನ್ನು ಬೆಳಿಗ್ಗೆ ಒಂದೆಡೆ ಇಟ್ಟು ಸಂಜೆ ಪಡೆಯುವ ವ್ಯವಸ್ಥೆಯಿದ್ದರೆ ಅದು ದಿನಕ್ಕೊಂದು ಸಲದ ಕೆಲಸ. ‘ಜೇಬಿನಲ್ಲಿರಲಿ, ತೆಗೆಯಬಾರದು’ ಎಂಬ ನಿಯಮವಾದರೆ ಪ್ರತಿ ಪಾಠದಲ್ಲೂ ಶಿಕ್ಷಕರೇ ಕಾವಲುಗಾರರಾಗಬೇಕು, ಅಲ್ಲಿಗೆ ಉಳಿಸಬೇಕೆಂದುಕೊಂಡ ಹೊತ್ತು ಜಗಳದಲ್ಲಿ ಕಳೆದುಹೋಗುತ್ತದೆ.

ಹೆಚ್ಚಿನ ಅಲುಗಾಟ ಆಗಲಿರುವುದು ಮನೆಗೆಲಸದಲ್ಲಿ. ಮನೆಯಲ್ಲಿ ಬರೆದು ತಂದ ಪ್ರಬಂಧವನ್ನು ಮಗುವೇ ಬರೆಯಿತೇ ಎಂಬುದನ್ನು ತಿಳಿಯುವ ನಂಬಲರ್ಹ ಉಪಾಯ ಶಿಕ್ಷಕರ ಬಳಿ ಇಲ್ಲ. ಎಐ ಬರಹವನ್ನು ಪತ್ತೆಹಚ್ಚುತ್ತೇವೆ ಎನ್ನುವ ತಂತ್ರಾಂಶಗಳು ಮಗು ಸ್ವತಃ ಬರೆದದ್ದನ್ನೂ ಯಂತ್ರದ್ದೆಂದು ದೂರುವುದುಂಟು. ಆದ್ದರಿಂದ ಅಂಕ ಕೊಡುವ ಬರವಣಿಗೆ ಮತ್ತೆ ತರಗತಿಯೊಳಕ್ಕೆ, ಕಾಗದ ಪೆನ್ನಿಗೆ ಮತ್ತು ಬಾಯಿಮಾತಿನ ಪರೀಕ್ಷೆಗೆ ಮರಳಬಹುದು. ಅದಕ್ಕೆ ಹೆಚ್ಚು ಶಿಕ್ಷಕರು, ಹೆಚ್ಚು ಹೊತ್ತು ಬೇಕು. ತಂತ್ರಜ್ಞಾನ ತಂದರೆ ಶಿಕ್ಷಕರ ವೆಚ್ಚ ಉಳಿದೀತು ಎಂದು ಲೆಕ್ಕ ಹಾಕಿದವರಿಗೆ ಇದು ಹಿಡಿಸದ ಸುದ್ದಿ.

ಕೊರಿಯಾದ ಡಿಜಿಟಲ್ ಪಠ್ಯಗಳು ಹಿಂದೆ ಸರಿದದ್ದರಲ್ಲೂ ಈ ಅಂಶ ಕಾಣುತ್ತದೆ. ತರಬೇತಿ ಸಾಲದು, ಸಿದ್ಧತೆಗೆ ಸಮಯ ಕೊಟ್ಟಿಲ್ಲ, ಮಕ್ಕಳು ಪರದೆಯ ಮುಂದೆ ಇನ್ನಷ್ಟು ಹೊತ್ತು ಕಳೆಯುವಂತಾಗುತ್ತದೆ ಎಂಬ ದೂರುಗಳು ಶಿಕ್ಷಕರಿಂದಲೂ ಪೋಷಕರಿಂದಲೂ ಬಂದಿದ್ದವು. ಅವನ್ನು ಬಳಸಬೇಕೋ ಬೇಡವೋ ಎಂಬುದನ್ನು ಈಗ ಪ್ರತಿ ಶಾಲೆಯೂ ತಾನೇ ನಿರ್ಧರಿಸಬೇಕಾಗಿದೆ. ತರಬೇತಿಗೂ ಸಾಧನಗಳಿಗೂ ಹಣವಿರುವ ಶಾಲೆ ಒಂದು ತೀರ್ಮಾನಕ್ಕೆ ಬರುತ್ತದೆ, ಇಲ್ಲದ ಶಾಲೆ ಇನ್ನೊಂದಕ್ಕೆ.